ಕೆಲಸ ಮಾಡಿದ ವರ್ಷಗಳಿಗೆ ಕ್ರೆಡಿಟ್

ಸುಹೈರ್ ಸಿರಿಯಾದ ಹೋಮ್ಸ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ಯುದ್ಧ ಮನೆಬಾಗಿಲಿಗೆ ಬಂತು. ಓದು ಅಲ್ಲಿಗೇ ನಿಂತಿತು. ಗಡಿ ದಾಟಿ ಜೋರ್ಡಾನಿನ ನಮ್ಮ ಇರ್ಬಿದ್‌ಗೆ ಅವಳು ಬಂದಾಗ ಜೊತೆಗಿದ್ದವರು ತಾಯಿ ಒಬ್ಬರೇ. ಸಿರಿಯಾದವರು ಇಲ್ಲಿ ಎಂಜಿನಿಯರ್ ಅಂತ ಕೆಲಸ ಮಾಡುವ ಹಾಗಿಲ್ಲ, ಪದವಿ ಮುಗಿಸದವರಂತೂ ಆ ಮಾತೇ ಎತ್ತುವ ಹಾಗಿಲ್ಲ. ಅಂಥವಳನ್ನು ಕರೆದು ಕುರ್ಚಿ ಕೊಟ್ಟವರು ಎಂಜಿನಿಯರ್ ಮುಂತಸಿರ್ ಉಬೈದಾತ್. ಊರಿಗೆಲ್ಲ ಅವರು ಅಬು ಕೈಸ್.

ಮೊದಮೊದಲು ಅವಳು ಅವರು ಗೀಚಿಕೊಟ್ಟದ್ದನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಬಿಡಿಸುತ್ತಿದ್ದಳು. ಬರಬರುತ್ತಾ ಅವರು ಗೀಚುವುದನ್ನೂ ಬಿಟ್ಟರು. ಕಂಬ ಎಷ್ಟು ದಪ್ಪ ಇರಬೇಕು, ಪಾಯ ಎಷ್ಟು ಅಗಲ, ಕಬ್ಬಿಣ ಎಷ್ಟು ಎನ್ನುವ ಲೆಕ್ಕವೆಲ್ಲ ಸುಹೈರಳದ್ದು, ಸೀಲು ಅವರದ್ದು. ಮನೆ ಕಟ್ಟುವ ಜಾಗಕ್ಕೆ ಮಾತ್ರ ಅವಳು ಹೋಗುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಕಣ್ಣಿಗೆ ಬಿದ್ದರೆ ಇಬ್ಬರಿಗೂ ತೊಂದರೆ. ಹಾಗಾಗಿ ತಾನು ಲೆಕ್ಕ ಹಾಕಿದ ಮನೆಗಳಲ್ಲಿ ಒಂದನ್ನೂ ಅವಳು ಕಟ್ಟುವಾಗ ನೋಡಿದವಳಲ್ಲ.

ಹೋದ ವರ್ಷ ಊರಿನ ಒಂದು ಖಾಸಗಿ ವಿಶ್ವವಿದ್ಯಾಲಯ ಹೊಸ ವ್ಯವಸ್ಥೆ ತಂದಿತು. ಅರ್ಧಕ್ಕೆ ನಿಂತ ಓದಿಗೂ ಮಾಡಿದ ಕೆಲಸಕ್ಕೂ ಕ್ರೆಡಿಟ್ ಕೊಡುತ್ತಾರೆ, ಉಳಿದದ್ದನ್ನು ಓದಿ ಪದವಿ ಪಡೆಯಬಹುದು. ಸುದ್ದಿ ತಂದವಳು ಸುಹೈರಳ ತಾಯಿಯೇ, ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತು ಕೇಳಿಕೊಂಡು ಬಂದಿದ್ದಳು.

"ಹೋಗಿ ಕೇಳು. ಇಷ್ಟು ವರ್ಷ ಇನ್ನೊಬ್ರ ಹೆಸರಿಗೆ ದುಡಿದದ್ದು ಸಾಕು" ಎಂದಳು.

"ಕೇಳಿದ್ರೆ ಇರೋ ಕೆಲ್ಸಾನೂ ಹೋದ್ರೆ?"

"ಹೋದ್ರೆ ಹೋಗ್ಲಿ. ನಾನು ಉಪ್ಪಿನಕಾಯಿ ಹಾಕಿ ಮಾರ್ತೀನಿ."

ಹಳೆಯ ಅಂಕಪಟ್ಟಿ ಹೇಗೋ ಹೋಮ್ಸ್‌ನಿಂದ ಬಂತು. ಕಷ್ಟವಾದದ್ದು ಕೆಲಸದ ಬಗ್ಗೆ ಅಬು ಕೈಸ್ ಕೈಯಲ್ಲಿ ಬರೆಸಿಕೊಳ್ಳುವುದು.

"ಏನಂತ ಬರೀಲಿ ಹೇಳು ತಾಯಿ?" ಎಂದರು ಅವರು. "ಇವಳು ಲೆಕ್ಕ ಹಾಕಿದ್ಳು, ನಾನು ಕಾಫಿ ಕುಡಿದು ಸೀಲ್ ಒತ್ತಿದೆ ಅಂತ್ಲಾ?"

"ಸಾಹೇಬ್ರೇ, ನಿಜ ಬರೀರಿ ಅಷ್ಟೇ."

"ನಿಜ ಬರೆದ್ರೆ ಎಂಜಿನಿಯರುಗಳ ಸಂಘದವ್ರು ನನ್ನ ಸೀಲ್ ಕಿತ್ಕೋತಾರೆ. ನಕ್ಷೆ ಬಿಡಿಸೋ ಕೆಲ್ಸ ಮಾಡಿದ್ಳು ಅಂತ ಬರೀತೀನಿ."

"ಅಷ್ಟಕ್ಕೆ ಅವರು ಕೊಡೋದು ಒಂದೇ ಒಂದು ಕೋರ್ಸಿನ ಕ್ರೆಡಿಟ್."

ಅಬು ಕೈಸ್ ಮುಖ ಗಂಟು ಹಾಕಿಕೊಂಡರು. ಆ ಇಡೀ ದಿನ ಅವಳ ಜೊತೆ ಮಾತಾಡಲಿಲ್ಲ. ಮರುದಿನ ಎಳ್ಳು ಹಚ್ಚಿದ ರೊಟ್ಟಿಯ ಪೊಟ್ಟಣವೊಂದನ್ನು ಅವಳ ಮೇಜಿನ ಮೇಲಿಟ್ಟು, "ನನ್ನ ಮೇಲ್ವಿಚಾರಣೆಯಲ್ಲಿ ಇವಳೇ ಲೆಕ್ಕ ಹಾಕಿದ್ಳು ಅಂತ ಬರ್ದಿದೀನಿ. ಮೇಲ್ವಿಚಾರಣೆ ಅನ್ನೋ ಮಾತು ನನ್ನ ಮರ್ಯಾದೆಗೆ. ಅದನ್ನ ಮಾತ್ರ ಅಳಿಸ್ಬೇಡ" ಎಂದರು. ಮಾದರಿಗೆ ಒಂದು ನಕ್ಷೆ ಬೇಕಿತ್ತು. ಗುಡ್ಡದ ಕಡೆಯ ವಿಧವೆ ಉಮ್ಮ್ ಹಿಶಾಮ್ ಮನೆಯದ್ದನ್ನು ತೆಗೆದುಕೊಂಡು ಹೋಗು ಎಂದವರೂ ಅವರೇ. ಅವರ ಕಚೇರಿಯಿಂದ ಹೊರಬಿದ್ದ ನಕ್ಷೆಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿರಲಿಲ್ಲ.

ಸಂದರ್ಶನಕ್ಕೆ ಮೂವರು ಪ್ರೊಫೆಸರುಗಳು ಕೂತಿದ್ದರು. ಇಬ್ಬರು ಗಂಡಸರು ನಕ್ಷೆ ಮಗುಚಿ ನೋಡಿ ತಲೆದೂಗಿದರು. ಸುಹೈರಳಿಗೆ ಧೈರ್ಯ ಬಂತು. ಕಂಬಗಳನ್ನು ಹಾಗೇಕೆ ಕೂರಿಸಿದೆ ಎಂದು ಕೇಳಿದಾಗ ಎದ್ದು ನಿಂತು, ಕೈಯಲ್ಲಿ ಗಾಳಿಯಲ್ಲೇ ಮನೆ ಕಟ್ಟಿ ತೋರಿಸಿದಳು.

ಮೂರನೆಯವರು ಡಾಕ್ಟರ್ ವಿದಾದ್. ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ.

"ಮಣ್ಣಿನ ಪರೀಕ್ಷೆ ಯಾರು ಮಾಡಿದ್ದು?" ಎಂದರು.

ಸುಹೈರ್ ತಡವರಿಸಿದಳು. "ಪರೀಕ್ಷೆ ಮಾಡ್ಸಿಲ್ಲ, ಮೇಡಂ. ಅದೇ ಗುಡ್ಡದ ಇನ್ನೊಂದು ಮನೆಗೆ ತಗೊಂಡಿದ್ದ ಅಳತೆನೇ ತಗೊಂಡೆ. ಗುಡ್ಡ ಎಲ್ಲ ಒಂದೇ ಬಂಡೆ ಅಂತ ಸಾಹೇಬ್ರು ಹೇಳಿದ್ರು."

"ಜಾಗ ನೋಡಿದ್ಯಾ?"

"ಇಲ್ಲ."

ವಿದಾದ್ ನಕ್ಷೆಯ ಮೂಲೆಯಲ್ಲಿದ್ದ ರಸ್ತೆಯ ಹೆಸರಿನ ಮೇಲೆ ಬೆರಳಿಟ್ಟರು. "ಈ ರಸ್ತೆ ಅಗಲ ಮಾಡಿದಾಗ ನಾನು ಇದೇ ಊರಲ್ಲಿದ್ದೆ. ಅಗೆದ ಕಲ್ಲು, ಮಣ್ಣು, ಕೆಡವಿದ ಮನೆಗಳ ಚೂರು, ಎಲ್ಲಾನೂ ಕೆಳಗಿನ ಹಳ್ಳಕ್ಕೆ ಸುರಿದ್ರು. ಈ ಮನೆ ಕೂತಿರೋದು ಬಂಡೆ ಮೇಲಲ್ಲ ಮಗಳೇ, ಆ ರಾಶಿ ಮೇಲೆ. ಒಳಗೆ ಯಾರಾದ್ರೂ ಇದಾರಾ?"

"ಇದಾರೆ. ಒಬ್ಬರು ವಿಧವೆ, ಮಗ, ಸೊಸೆ. ಹೋದ ಬೇಸಿಗೇಲಿ ಮಗನ ಮದುವೆ ಅಂತ ಮೇಲೆ ಇನ್ನೊಂದು ಅಂತಸ್ತು ಕಟ್ಟಿದಾರೆ. ಅದರ ಲೆಕ್ಕಾನೂ ನನ್ನದೇ."

ವಿದಾದ್ ನಕ್ಷೆ ಮಡಿಚಿ ಅವಳ ಕೈಗೆ ಕೊಟ್ಟರು.

"ಹೋಗಿ ನೋಡ್ಕೊಂಡು ಬಾ. ಇದು ಕ್ರೆಡಿಟ್‌ಗಾಗಿ ಹೇಳ್ತಿರೋದಲ್ಲ."

ಸುಹೈರ್ ಮನೆಗೆ ಹೋಗಲಿಲ್ಲ. ಸೀದಾ ಬಸ್ಸು ಹತ್ತಿ ಉಮ್ಮ್ ಹಿಶಾಮ್‌ಳ ಬೀದಿಯಲ್ಲಿ ಇಳಿದಳು. ಅಬು ಕೈಸ್ ಕಚೇರಿಯ ಹುಡುಗಿ ಎಂದದ್ದೇ ತಡ, ಉಮ್ಮ್ ಹಿಶಾಮ್ ಕೈಹಿಡಿದು ಒಳಗೆಳೆದುಕೊಂಡಳು.

"ಬಾ ಬಾ, ಊಟದ ಹೊತ್ತಿಗೇ ಬಂದೆ! ನಮ್ಮನೆ ಕಟ್ಟಿಸಿಕೊಟ್ಟವಳು ನೀನೇ ಅಂತೆ. ಎಷ್ಟು ಸಣ್ಣಗಿದೀಯಲ್ಲೇ! ನಿಮ್ಮ ಸಾಹೇಬ್ರು ಹೊಟ್ಟೆಗೆ ಹಾಕಲ್ವಾ?"

ದೊಡ್ಡ ತಟ್ಟೆಯಲ್ಲಿ ಅನ್ನ ಬದನೆಕಾಯಿ ಬಂತು, ಮೇಲೆ ಕೋಳಿ. ಸುಹೈರ್ ಗೋಡೆ ನೋಡುತ್ತಿದ್ದಳು. ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟು ಬೀರುವಿನ ಹಿಂದೆ ಮರೆಯಾಗಿತ್ತು. ಬೀರುವನ್ನು ಅಲ್ಲಿಟ್ಟದ್ದೇ ಅದನ್ನು ಮುಚ್ಚಲಿಕ್ಕೆ ಎಂದು ಅವಳಿಗೆ ತಿಳಿಯಿತು.

"ಖಾಲಾ, ಇದು ಯಾವಾಗಿಂದ?" ಎಂದು ಕೇಳಿದಳು, ಚಿಕ್ಕಮ್ಮನನ್ನು ಕರೆಯುವ ಹಾಗೆ.

"ಅಯ್ಯೋ, ಹೊಸ ಮನೆ ಮೈ ಮುರಿಯುತ್ತೆ ಅಂತ ಮೇಸ್ತ್ರಿ ಹೇಳಿದ. ಸೊಸೆ ಕೋಣೆ ಬಾಗ್ಲು ಚಳಿಗಾಲ ಬಂದ್ಮೇಲೆ ಹಾಕ್ಕೊಳ್ತಾನೇ ಇಲ್ಲ, ನೋಡು. ಬಡಗಿ ಬಂದು ಕೆತ್ತಿ ಹೋದ. ಮತ್ತೆ ಸಿಕ್ಕೊಳ್ತು."

ಸೊಸೆ ಒಳಗಿನಿಂದ ಬಂದು ಕೂತಳು. ಬಸುರಿ, ದಿನ ತುಂಬುತ್ತ ಬಂದಿತ್ತು. ಸುಹೈರ್ ಕೈಯ ತುತ್ತನ್ನು ತಟ್ಟೆಗೇ ಇಟ್ಟಳು. ಹೇಳಬೇಕೆಂದು ಬಾಯಿ ತೆರೆದಳು. ಉಮ್ಮ್ ಹಿಶಾಮ್ ಕೋಳಿಯ ತುಂಡನ್ನು ಅವಳ ಮುಂದಕ್ಕೆ ತಳ್ಳಿ "ತಿನ್ನು" ಎಂದಳು. ಮಾತು ಹಾಗೇ ಒಳಗೆ ಉಳಿಯಿತು. ಮತ್ತೆ ಬರುತ್ತೇನೆಂದು ಹೇಳಿ ಎದ್ದುಬಂದಳು. ಬಸ್ ನಿಲ್ದಾಣದವರೆಗೂ ತನ್ನನ್ನು ತಾನೇ ಬೈದುಕೊಳ್ಳುತ್ತ ನಡೆದಳು.

ಅಬು ಕೈಸ್ ಕಚೇರಿ ಮುಚ್ಚುತ್ತಿದ್ದರು.

"ಹೆಂಗಾಯ್ತು? ಎಂಜಿನಿಯರಮ್ಮ ಅನ್ನಬಹುದಾ?" ಎಂದು ನಕ್ಕರು. ಅವಳು ಹೇಳುತ್ತ ಹೋದಂತೆ ಆ ನಗು ಇಳಿಯಿತು.

"ಗಾರೆ ಬಿರುಕು. ಎಲ್ಲ ಮನೇಲೂ ಇರುತ್ತೆ."

"ಗಾರೆ ಅಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿದಿದೆ. ಬಾಗಿಲ ಚೌಕಟ್ಟೂ ವಾಲಿದೆ. ಹಳ್ಳದ ಕಡೆ ಪಾಯ ಕುಸೀತಿದೆ ಸಾಹೇಬ್ರೇ."

"ಮೆಲ್ಲಗೆ ಮಾತಾಡು!" ಅವರು ಬಾಗಿಲು ಹಾಕಿದರು. "ಯಾರೂ ನಿನಗೆ ಕೆಲಸ ಕೊಡದಿದ್ದಾಗ ನಾನು ಕೊಟ್ಟೆ. ನಿನ್ನ ಪದವಿಗೆ ಅಂತ ಆ ಕಾಗದಾನೂ ಬರ್ಕೊಟ್ಟೆ. ಈಗ ನನ್ನನ್ನ ಜೈಲಿಗೆ ಕಳ್ಸಿ ನೀನು ಕಾಲೇಜಿಗೆ ಹೋಗ್ತೀಯಾ?"

"ನೀವು ಕೊಟ್ರಿ ಅಂತಾನೇ ಮೊದಲು ನಿಮ್ಮ ಹತ್ರ ಬಂದೆ. ಲೆಕ್ಕ ನನ್ನದು. ತಪ್ಪು ನನ್ನದು ಅಂತ ಎಲ್ಲಿ ಬೇಕಾದ್ರೂ ಹೇಳ್ತೀನಿ."

"ನೀನು ಹೇಳಿದ್ರೆ ಯಾರು ಕೇಳ್ತಾರೆ? ಸೀಲ್ ನನ್ನದು." ಅವರು ಕುರ್ಚಿಯಲ್ಲಿ ಕುಸಿದರು. "ನಾನು ಆ ಜಾಗಕ್ಕೆ ಹೋಗಿದ್ದೆ. ಕಾರಿಂದ ಇಳೀಲಿಲ್ಲ. ಮಳೆ ಬರ್ತಿತ್ತು" ಎಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋದರು. ಮಾತಾಡಿದವರು ಅಬು ಕೈಸ್. ಉಮ್ಮ್ ಹಿಶಾಮ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ತಿರುಗಿದ್ದು ಅಬು ಕೈಸ್ ಕಡೆಗಲ್ಲ, ಸುಹೈರ್ ಕಡೆಗೆ.

"ನಿನ್ನೆ ನನ್ನ ತಟ್ಟೇಲಿ ಕೈ ಹಾಕ್ಕೊಂಡು ಕೂತಿದ್ಯಲ್ಲೇ! ಆಗ ಗೊತ್ತಿರ್ಲಿಲ್ವಾ ನಿಂಗೆ? ನಮ್ಮನ್ನ ರಾತ್ರಿಯೆಲ್ಲ ಇದರ ಕೆಳಗೆ ಮಲಗಿಸಿದ್ಯಲ್ಲ!"

"ಗೊತ್ತಿತ್ತು ಖಾಲಾ. ಹೇಳೋಕೆ ಬಾಯಿ ಬರ್ಲಿಲ್ಲ."

"ಬಾಯಿ ಬರ್ಲಿಲ್ವಂತೆ! ನಿನ್ನ ಕೈ ಸೇದಿ ಹೋಗ!" ಎಂದು ಶಾಪ ಹಾಕಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. "ಈ ಬಸುರೀನ ಕಟ್ಕೊಂಡು ಎಲ್ಲಿಗೆ ಹೋಗ್ಲಿ ಈಗ?"

ಸಂಜೆಯೊಳಗೆ ಅವರೆಲ್ಲ ಉಮ್ಮ್ ಹಿಶಾಮ್‌ಳ ತಮ್ಮನ ಮನೆಗೆ ಹೋದರು. ಸುಹೈರ್ ಹಾಸಿಗೆಗಳನ್ನು ಹೊತ್ತಳು, ಯಾರೂ ಬೇಡ ಅನ್ನಲಿಲ್ಲ, ಯಾರೂ ಮಾತೂ ಆಡಿಸಲಿಲ್ಲ. ಸುದ್ದಿ ತಿಳಿದು ಎಂಜಿನಿಯರುಗಳ ಸಂಘದಿಂದ ಬಂದವರು ಪಾಯದ ಪಕ್ಕ ಅಗೆಸಿದಾಗ ಹೊರಬಂದದ್ದು ಒಡೆದ ಟೈಲು, ಹಳೆಯ ಬಾಗಿಲ ಹಲಗೆ, ಸಡಿಲ ಮಣ್ಣು. ಮೇಲಂತಸ್ತು ಕೆಡವಬೇಕು, ಪಾಯವನ್ನು ಬಂಡೆಯವರೆಗೂ ಇಳಿಸಬೇಕು ಎಂದು ತೀರ್ಮಾನವಾಯಿತು. ಖರ್ಚು ಅಬು ಕೈಸ್ ಮೇಲೆ ಬಿತ್ತು. ಅವರು ತಮ್ಮ ಆಲಿವ್ ತೋಟ ಮಾರಿದರು. ಸೀಲನ್ನು ಸಂಘ ತಡೆಹಿಡಿಯಿತು, ಕಚೇರಿಗೆ ಬೀಗ ಬಿತ್ತು. ಆಮೇಲೆ ಸುಹೈರ್ ಅವರ ಮನೆಗೆ ಹೋದಾಗೆಲ್ಲ ಅವರ ಹೆಂಡತಿಯೇ ಬಾಗಿಲಿಗೆ ಬಂದು, ಮಲಗಿದ್ದಾರೆ ಎನ್ನುತ್ತಿದ್ದಳು.

ವಿಶ್ವವಿದ್ಯಾಲಯದ ಉತ್ತರ ಬಂದಾಗ ಸುಹೈರಳ ತಾಯಿಗೆ ಸಿಟ್ಟು ತಡೆಯಲಾಗಲಿಲ್ಲ. ಹೋಮ್ಸ್‌ನಲ್ಲಿ ಓದಿದ್ದನ್ನು ಅವರು ಬಹುಪಾಲು ಒಪ್ಪಿಕೊಂಡಿದ್ದರು. ಕೆಲಸದ ಇಷ್ಟು ವರ್ಷಗಳಿಗೆ ಕೊಟ್ಟದ್ದು ನಕ್ಷೆ ಬಿಡಿಸುವ ಕೋರ್ಸಿನ ಕ್ರೆಡಿಟ್ ಮಾತ್ರ. ಪಾಯ, ಮಣ್ಣು, ಕಟ್ಟಡದ ಲೆಕ್ಕ, ಎಲ್ಲವನ್ನೂ ತರಗತಿಯಲ್ಲಿ ಕೂತು ಮೊದಲಿಂದ ಓದಬೇಕು.

"ಒಂದು ಮನೆ ತಪ್ಪಾಯ್ತು, ಉಳಿದ ಮನೆಗಳೆಲ್ಲ ನಿಂತಿಲ್ವಾ? ಹೋಗಿ ಜಗಳ ಆಡು" ಎಂದಳು ತಾಯಿ.

"ನಿಂತಿವೆ. ಯಾಕೆ ನಿಂತಿವೆ ಅಂತ ನಂಗೇ ಗೊತ್ತಿಲ್ಲಮ್ಮ."

ಆಮೇಲೆ ಕೆಲವು ವಾರ ಅವಳು ಹಳೆಯ ವಿಳಾಸ ಹುಡುಕಿಕೊಂಡು ಬೀದಿ ಬೀದಿ ಸುತ್ತಿದಳು. ತಾನು ಲೆಕ್ಕ ಹಾಕಿದ ಮನೆಗಳ ಎದುರು ನಿಂತು ಗೋಡೆ ನೋಡುತ್ತಿದ್ದಳು. ಕೆಲವರು ಏನು ಬೇಕಮ್ಮಾ ಎಂದು ಕೇಳಿದರು. ಒಬ್ಬ ಮುದುಕ ಕಳ್ಳಿಯೆಂದು ಗದರಿಸಿ ಓಡಿಸಿದ. ಮತ್ತೆಲ್ಲೂ ಬಿರುಕು ಕಾಣಲಿಲ್ಲ, ಆದರೂ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ.

ಶರತ್ಕಾಲದಲ್ಲಿ ಅವಳು ತರಗತಿಗೆ ಸೇರಿದಳು. ಬೆಳಿಗ್ಗೆ ಓದು, ಮಧ್ಯಾಹ್ನದಿಂದ ದರ್ಜಿ ಅಂಗಡಿಯಲ್ಲಿ ಕೆಲಸ. ತನಗಿಂತ ಎಷ್ಟೋ ಚಿಕ್ಕ ಹುಡುಗಿಯರು ಅವಳನ್ನು ಖಾಲಾ ಎಂದು ಕರೆಯುತ್ತಾರೆ. ಮಣ್ಣಿನ ಪಾಠ ಮಾಡುವವರು ವಿದಾದ್. ಅವರು ಪಾಠದಲ್ಲಿ ಆ ಮನೆಯ ಸುದ್ದಿ ಎತ್ತುವುದಿಲ್ಲ. ಪ್ರಶ್ನೆ ಕೇಳುವಾಗ ಮಾತ್ರ ಬೇರೆಯವರಿಗಿಂತ ಅವಳನ್ನೇ ಹೆಚ್ಚು ಎಬ್ಬಿಸುತ್ತಾರೆ.

ಉಮ್ಮ್ ಹಿಶಾಮ್ ಈಗ ಕೆಳಗಿನ ಅಂತಸ್ತಿಗೆ ವಾಪಸು ಬಂದಿದ್ದಾಳೆ. ಮಗ, ಸೊಸೆ, ಮೊಮ್ಮಗಳು ಎಲ್ಲ ಎರಡೇ ಕೋಣೆಯಲ್ಲಿ ಇಕ್ಕಟ್ಟಾಗಿದ್ದಾರೆ. ಸುಹೈರಳ ಹೆಸರು ಬಂದರೆ ಅವಳು ಒಂದು ದಿನ, ನಮ್ಮ ಮನೆ ಹಾಳು ಮಾಡಿದವಳು ಅದೇ ಹುಡುಗಿ ಎನ್ನುತ್ತಾಳೆ. ಇನ್ನೊಂದು ದಿನ, ಅವಳು ಬಾಯಿ ಬಿಡದೆ ಇದ್ದಿದ್ದರೆ ಈ ಕೂಸು ಎಲ್ಲಿರುತ್ತಿತ್ತು ಎನ್ನುತ್ತಾಳೆ. ಮಾರುಕಟ್ಟೆಯಲ್ಲಿ ಎದುರಾದಾಗ ಸುಹೈರ್ ಸಲಾಂ ಹೇಳಿ ನಿಲ್ಲುತ್ತಾಳೆ. ಉತ್ತರ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ.