ಅಮ್ಮನ್ನ ಕರ್ಕೊಂಡು ಬರ್ತೀನಿ

ಬಾಂಗ್ ಉನ್-ಜೆಗೆ ಗಂಡ ಸಿಕ್ಕಿದ್ದು ಶನಿವಾರ ಬೆಳಿಗ್ಗೆ, ಸಿಯೋಲ್ ಪಕ್ಕದ ಬುಚನ್ ಸ್ಟೇಷನ್ನಿನ ಗೇಟಿನ ಹತ್ತಿರ. ಸಂಜೆಯೊಳಗೆ ಅವನನ್ನು ವಾಪಸ್ ಒಪ್ಪಿಸಿಬಿಡಬಹುದಿತ್ತು. ಹೆಸರು ಪ್ಯೋ ಜುಂಗ್-ಹನ್, ಕೆಲಸ ವಿಮಾ ಕಂಪನಿಯಲ್ಲಿ, ಮುಗುಳ್ನಗೆ ಮಾತ್ರ ಪುಕ್ಕಟೆ. ಮನೆ ಕೊಳ್ಳುವ ವಿದ್ಯೆ ಕಲಿಸಲು ಟೀಚರ್ ಮೋ ಎಂಬ ಹೆಂಗಸು ನಡೆಸುವ ‘ಮೊದಲ ಮನೆ’ ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಹೀಗೆ ಜೋಡಿ ಕಟ್ಟಿ ಊರೊಳಗೆ ಬಿಡುವುದು ಪದ್ಧತಿ.

"ಒಬ್ರೇ ಹೋದ್ರೆ ಬ್ರೋಕರ್ ಕಾಫಿ ಕೊಟ್ಟು ಕಳಿಸ್ತಾನೆ. ಹೊಸಾ ಗಂಡ ಹೆಂಡ್ತಿ ಅಂತ ಹೋಗಿ, ಬೀಗದ ಕೈ ತಗೊಂಡು ಎದ್ದು ನಿಲ್ತಾನೆ" ಎಂದಿದ್ದರು ಟೀಚರ್ ಮೋ.

ಕೊಳ್ಳುವ ಯೋಚನೆಯೇ ಇಲ್ಲದೆ, ಬರೀ ಕಲಿಯುವುದಕ್ಕೆಂದು ಹೀಗೆ ಮನೆಮನೆ ತಿರುಗುವುದಕ್ಕೆ ಇಮ್ಜಾಂಗ್ ಎಂಬ ಗಂಭೀರ ಹೆಸರಿದೆ. ಸ್ಥಳಕ್ಕೆ ಖುದ್ದು ಹೋಗಿ ನೋಡುವುದು ಎಂದು ಅರ್ಥ. ನೇರವಾಗಿ ಹೇಳುವುದಾದರೆ ಕಂಡವರ ಬಚ್ಚಲುಮನೆಗೆ ಇಣುಕುವುದು.

ಉನ್-ಜೆ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೌಂಟರ್ ನೋಡಿಕೊಳ್ಳುವವಳು. ಜೊತೆಯವರೆಲ್ಲ ಸಾಲಸೋಲ ಮಾಡಿ ಫ್ಲ್ಯಾಟು ಹಿಡಿದಿದ್ದರು, ಬೆಲೆ ಏರಿತ್ತು, ಊಟಕ್ಕೆ ಕೂತಾಗ ಅವರ ದನಿಯೂ ಏರಿತ್ತು. ಹಾಗೆ ಕೊಳ್ಳದೆ ಉಳಿದವರಿಗೆ ಸಿಯೋಲ್‌ನಲ್ಲಿ ಸಿಡಿಲು ಭಿಕಾರಿ ಎನ್ನುತ್ತಾರೆ. ಮಲಗುವಾಗ ಸರಿಯಾಗಿದ್ದವರು, ಏಳುವಾಗ ಬಡವರು. ಆ ಮಾತು ಅವಳ ಎದೆಗೆ ನಾಟಿತ್ತು. ಮುಂದಿನ ವರ್ಷವಾದರೂ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಬಿಡಬೇಕು ಎಂದುಕೊಂಡು ತರಗತಿ ಸೇರಿದ್ದಳು. ಆಸೆಯಲ್ಲೇನೂ ತಪ್ಪಿರಲಿಲ್ಲ.

ಬ್ರೋಕರ್ ಗುಮ್ ಎಂಬಾಕೆ ಕುರ್ಚಿ ಎಳೆದು ಕೊಡುವುದರೊಳಗೆ ಜುಂಗ್-ಹನ್ ಬಾಯಿ ಬಿಟ್ಟಾಗಿತ್ತು.

"ಮದ್ವೆ ಆಗಿ ಆರು ತಿಂಗಳು. ಶರತ್ಕಾಲಕ್ಕೆ ಮಗು ಬರ್ತಿದೆ, ಅದಕ್ಕೇ ಅವಸರ."

ಮಗುವಿನ ಮಾತು ಪಾಠದಲ್ಲಿ ಇರಲಿಲ್ಲ. ಉನ್-ಜೆ ಅವನತ್ತ ನೋಡಿದಳು. ಅವನು ಕಣ್ಣು ಮಿಟುಕಿಸಿದ. ಇಲ್ಲ ಎನ್ನುವುದಕ್ಕೆ ಆಗಲೇ ತಡವಾಗಿತ್ತು, ಏಕೆಂದರೆ ಗುಮ್ ಎದ್ದು ಅವಳ ಬೆನ್ನಿಗೆ ದಿಂಬು ತಂದು ಇಟ್ಟಿದ್ದಳು.

ಮನೆ ಲಿಫ್ಟ್ ಇಲ್ಲದ ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವಳು ಮಾ ಸುನ್-ಒಕ್. ಮಾರ್ಕೆಟ್ಟಿನಲ್ಲಿ ಕಿಮ್ಚಿ, ಪಲ್ಯ ಮಾರುವ ಅಂಗಡಿ ಅವಳದು. ಗುಮ್ ಫೋನಿನಲ್ಲಿ ಎಲ್ಲ ಹೇಳಿದ್ದರಿಂದ ಶನಿವಾರದ ವ್ಯಾಪಾರ ಬಿಟ್ಟು, ಅಂಗಡಿಗೆ ಬೀಗ ಹಾಕಿ, ಇವರಿಗಾಗಿ ಬಂದಿದ್ದಳು.

"ಅಯ್ಯೋ, ಬಸುರಿ ಹೆಂಗಸನ್ನ ಇಷ್ಟು ಮೆಟ್ಟಿಲು ಹತ್ತಿಸಿಬಿಟ್ಯಲ್ಲೇ ಗುಮ್! ಬಾ ಮಗಳೇ, ಮೊದ್ಲು ಕೂತ್ಕೋ. ಮನೆ ಎಲ್ಲೂ ಓಡಿಹೋಗಲ್ಲ."

ತಣ್ಣಗಿನ ಅಕ್ಕಿಯ ಸಿಹಿ ಪಾನಕ ಬಂತು. ಉನ್-ಜೆ ಕುಡಿದಳು. ಆಮೇಲೆ ಎದ್ದು ಕಲಿತದ್ದನ್ನೆಲ್ಲ ಮಾಡಿದಳು. ಅಡುಗೆಮನೆಯ ನಲ್ಲಿ ಬಿಟ್ಟುಕೊಂಡೇ ಕಕ್ಕಸಿನ ನೀರು ಎಳೆದು ಧಾರೆ ಸಣ್ಣಗಾಗುತ್ತದೆಯೇ ನೋಡಿದಳು. ಬಟ್ಟೆ ಕಪಾಟಿನ ಹಿಂದೆ ಫೋನಿನ ಬೆಳಕು ಹಾಯಿಸಿ ಬೂಷ್ಟು ಹುಡುಕಿದಳು. ಚಾವಣಿಯ ಮೂಲೆಗಳನ್ನು ನೋಡಿದಳು. ಸುನ್-ಒಕ್ ತಾನೇ ಮುಂದೆ ಬಂದು ಗೋಡೆಯ ಕಾಗದ ಸರಿಸಿ ತೋರಿಸಿದಳು.

"ಇಲ್ಲಿ ಹೋದ ಮಳೆಗಾಲ ಸೋರಿತ್ತು. ರಿಪೇರಿ ಆಗಿದೆ. ಆದ್ರೂ ಹೇಳಿಬಿಡ್ತೀನಿ, ಮಗು ಬರೋ ಮನೆ."

ಟೀಚರ್ ಮೋ ಅವರ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೊನೆಗೆ, ಏನೂ ಅಲ್ಲವೆಂಬಂತೆ ಕೇಳಬೇಕು. ಉನ್-ಜೆ ಹಾಗೆಯೇ ಕೇಳಿದಳು.

"ಇಷ್ಟು ಚೆನ್ನಾಗಿರೋ ಮನೆ, ಯಾಕಮ್ಮ ಮಾರ್ತಿದೀರಿ?"

"ನಮ್ಮನೆಯವರಿಗೆ ಡಯಾಲಿಸಿಸ್. ವಾರಕ್ಕೆ ಮೂರು ಸಲ ಹೋಗ್ಬೇಕು. ಇಳಿಯೋದು ಹೆಂಗೋ ಇಳೀತಾರೆ, ಹತ್ತೋದೇ ಕಷ್ಟ. ಆಸ್ಪತ್ರೆ ಹಿಂದೆ ನೆಲಮಹಡಿದು ಒಂದು ಸಿಕ್ಕಿದೆ. ಇದು ಹೋದ್ರೆ ಅದು." ಸುನ್-ಒಕ್ ನಕ್ಕಳು. "ಬೆಲೆ ಸ್ವಲ್ಪ ಹಿಂದೆ ಮುಂದೆ ಮಾಡೋಣ. ನಿಮ್ಮಂಥೋರು ಬಂದ್ರೆ ನಂಗೂ ಸಮಾಧಾನ."

ಜುಂಗ್-ಹನ್ ಹೆಂಡತಿಯ ಮೊಣಕೈಯನ್ನು ಮೆಲ್ಲಗೆ ತಿವಿದ. ಮಾರುವವರ ಅವಸರವೇ ಕೊಳ್ಳುವವರ ಲಾಭ ಎಂಬುದು ಎರಡನೇ ವಾರದ ಪಾಠ.

ಇನ್ನು ಹೊರಡುವುದಷ್ಟೇ. ಅದಕ್ಕೂ ಒಂದು ಮಾತಿದೆ. ‘ಯೋಚನೆ ಮಾಡಿ ಫೋನ್ ಮಾಡ್ತೀವಿ’ ಎಂದರೆ ಬೇಡ ಎಂದರ್ಥ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು, ಯಾರಿಗೂ ನೋವಿಲ್ಲ. ಆದರೆ ಸುನ್-ಒಕ್ ಚಪ್ಪಲಿ ಗೂಡಿನ ಹತ್ತಿರ ಬಗ್ಗಿ, ಬಸುರಿ ಬಗ್ಗಬಾರದೆಂದು, ಉನ್-ಜೆಯ ಶೂಗಳನ್ನು ಬಾಗಿಲ ಕಡೆಗೆ ತಿರುಗಿಸಿ ಇಡುತ್ತಿದ್ದಳು. ಆ ಬೆನ್ನನ್ನು ನೋಡುತ್ತ ಉನ್-ಜೆಗೆ ಆ ಮಾತು ಬಾಯಿಗೆ ಬರಲಿಲ್ಲ.

"ತುಂಬಾ ಇಷ್ಟ ಆಯ್ತಮ್ಮ. ಇನ್ನೊಂದ್ಸಲ ಅಮ್ಮನ್ನ ಕರ್ಕೊಂಡು ಬರ್ತೀನಿ" ಎಂದುಬಿಟ್ಟಳು.

ಸುನ್-ಒಕ್ ತಲೆ ಎತ್ತಿದಳು. ಮುಖ ಅರಳಿತ್ತು.

ಮೆಟ್ಟಿಲಿಳಿಯುವಾಗ ಜುಂಗ್-ಹನ್ ಪಿಸುಗುಟ್ಟಿದ. "ಏನ್ರೀ ನೀವು! ಅಮ್ಮನ್ನ ಯಾಕೆ ಎಳೆದು ತಂದ್ರಿ? ಅಮ್ಮ ಬಂದು ನೋಡ್ತಾಳೆ ಅಂದ್ರೆ ವ್ಯಾಪಾರ ಆದಂಗೇ ಲೆಕ್ಕ."

"ನೀವು ಮಗು ತಂದ್ರಿ, ನಾನು ಅಮ್ಮನ್ನ ತಂದೆ" ಎಂದು ಉನ್-ಜೆ ರೇಗಿದಳು. ಅದೊಂದು ಉತ್ತರವೇ ಅಲ್ಲ ಎಂದು ಅವಳಿಗೂ ಗೊತ್ತಿತ್ತು.

ಸಂಜೆ ಮಾಂಸ ಸುಡುವ ಹೋಟೆಲಿನಲ್ಲಿ ಎಲ್ಲರೂ ಸೇರಿ ತಾವು ಕಂಡದ್ದನ್ನು ಹೇಳಿದರು. ಉನ್-ಜೆಯ ಸರದಿ ಬಂದಾಗ ಟೀಚರ್ ಮೋ ಲೋಟ ಎತ್ತಿದರು. "ಮಾರೋ ಕಾರಣಾನ ಒಂದೇ ಭೇಟೀಲಿ ಹೊರಗೆ ತೆಗೆದಿದಾಳೆ. ಅದೂ ಕಾಯಿಲೆ! ಇದಕ್ಕಿಂತ ಒಳ್ಳೆ ಮಾಹಿತಿ ಬೇಕೇನ್ರಪ್ಪಾ?" ಎಲ್ಲರೂ ಚಪ್ಪಾಳೆ ತಟ್ಟಿದರು. ಉನ್-ಜೆ ಕೆಂಪಾದಳು, ಬಗ್ಗಿ ನಮಸ್ಕರಿಸಿದಳು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ: ಆಗ ಅವಳಿಗೆ ಸಂತೋಷವಾಗಿತ್ತು. ಆಮೇಲೆ ಅವಳನ್ನು ಹಿಂಡಿದ್ದು ಸುಳ್ಳಿಗಿಂತ ಹೆಚ್ಚಾಗಿ ಆ ಸಂತೋಷವೇ.

ಮರುವಾರ ಗುಮ್‌ಳ ಫೋನುಗಳು ಬಂದವು. ಉನ್-ಜೆ ಎತ್ತಲಿಲ್ಲ. ಬ್ಲಾಕ್ ಮಾಡಿ, ಎಲ್ಲರೂ ಅದನ್ನೇ ಮಾಡೋದು ಎಂದು ಜುಂಗ್-ಹನ್ ಬರೆದ. ಬ್ಲಾಕ್ ಮಾಡಲು ಬೆರಳು ಏಳಲಿಲ್ಲ, ಎತ್ತಿ ಮಾತಾಡಲು ನಾಲಿಗೆ ಏಳಲಿಲ್ಲ. ಕೊನೆಗೆ ಒಂದು ಸಂದೇಶ ಬಂತು: ‘ಮಾ ಸುನ್-ಒಕ್ ಅವರು ನಿಮಗೆ ಅಂತ ಒಂದು ಸಾಮಾನು ಬಿಟ್ಟು ಹೋಗಿದಾರೆ. ಬಂದು ತಗೊಳ್ಳಿ.’

ಸಾಮಾನು ಗುಮ್‌ಳ ಮೇಜಿಗಿಂತ ಉದ್ದವಿತ್ತು. ಬಾಣಂತಿಯ ಸಾರಿಗೆ ಹಾಕುವ ಒಣಗಿದ ಕಡಲ ಸೊಪ್ಪು, ಅಷ್ಟುದ್ದಕ್ಕೂ ಒಂದೇ ಎಳೆ. ಅದನ್ನು ಮಡಿಸುವುದಿಲ್ಲ, ಮುರಿಯುವುದಿಲ್ಲ. ಮುರಿದರೆ ಹೆರಿಗೆ ಕಷ್ಟವಾಗುತ್ತದೆಂದು ಅಂಗಡಿಯವರೂ ಹಾಗೇ ಉದ್ದಕ್ಕೆ ಕಟ್ಟಿಕೊಡುತ್ತಾರೆ.

"ಸಮುದ್ರದ ಕಡೆ ಊರಿಂದ ತರಿಸಿದಾರೆ" ಎಂದಳು ಗುಮ್. "ನೋಡಿ, ಈಗೀಗ ಶನಿವಾರ ಬಂದ್ರೆ ಹೊಸ ಜೋಡಿಗಳ ಮೆರವಣಿಗೆ. ಎಲ್ಲಾ ಯಾವ್ದೋ ತರಗತಿಯೋರು. ನಿಮ್ಮನ್ನ ನೋಡಿ ಮಾತ್ರ ನಂಗೆ ಹಂಗನ್ನಿಸ್ಲಿಲ್ಲ. ಅಮ್ಮ ಯಾವಾಗ ಬರ್ತಾರೆ?"

ಉನ್-ಜೆ ಸೊಪ್ಪಿನ ಕಟ್ಟನ್ನೇ ನೋಡುತ್ತಿದ್ದಳು.

"ಯಾಕೆ ಕೇಳ್ದೆ ಅಂದ್ರೆ, ಬುಧವಾರ ಇನ್ನೊಬ್ರು ಬಂದಿದ್ರು. ತಕ್ಷಣ ಅಡ್ವಾನ್ಸ್ ಹಾಕ್ತೀನಿ, ಅಕೌಂಟ್ ನಂಬರ್ ಕೊಡಿ ಅಂದ್ರು. ಈ ಯಮ್ಮ ಕೊಡಲಿಲ್ಲ! ‘ಆ ಹುಡುಗಿ ಅಮ್ಮನ್ನ ಕರ್ಕೊಂಡು ಬರ್ತೀನಿ ಅಂದಿದೆ, ನಾನು ಹೆಂಗೆ ಬೇರೆಯವರಿಗೆ ಕೊಡಲಿ’ ಅಂತಾರೆ. ಅವರು ಹೋಗಿ ಪಕ್ಕದ ಬೀದೀಲಿ ಕೊಂಡ್ರು. ಆಸ್ಪತ್ರೆ ಹಿಂದಿನ ಮನೆಯವರು ಈ ತಿಂಗಳು ಮುಗಿದ ಮೇಲೆ ಕಾಯಲ್ಲ ಅಂತ ಹೇಳಿಯಾಗಿದೆ."

ನೆಲ ಬಾಯಿ ಬಿಟ್ಟಿದ್ದರೆ ಉನ್-ಜೆ ಒಳಗೆ ಹೋಗಿಬಿಡುತ್ತಿದ್ದಳು. ನೆಲ ಹಾಗೆಲ್ಲ ಉಪಕಾರ ಮಾಡುವುದಿಲ್ಲ. ಸೊಪ್ಪಿನ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಬಂದಳು. ಸ್ಟೇಷನ್ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿದಳು.

ಬಾಗಿಲು ತೆರೆದ ಸುನ್-ಒಕ್ ಅವಳ ಹಿಂದೆ ಇಣುಕಿದಳು. "ಅಮ್ಮ ಎಲ್ಲಿ? ಕೆಳಗೆ ಇದಾರಾ?"

ಉನ್-ಜೆ ಒಳಗೆ ಕಾಲಿಡಲಿಲ್ಲ. ಹೊಸಿಲಿನಾಚೆ ನಿಂತೇ ಹೇಳಿದಳು. ಹೇಳಬೇಕೆಂದುಕೊಂಡ ಕ್ರಮ ತಪ್ಪಿಹೋಗಿ, ತರಗತಿ, ಜೋಡಿ, ಟೀಚರ್ ಎಲ್ಲವೂ ಗೋಜಲಾಗಿ ಹೊರಬಂದವು. ಸುನ್-ಒಕ್ ಬಾಗಿಲ ಹಿಡಿ ಹಿಡಿದುಕೊಂಡೇ ಕೇಳಿದಳು.

"ಮಗು?"

"ಇಲ್ಲ."

"ಆ ಗಂಡ?"

"ಅವರೂ ಅಲ್ಲ."

"ಅಮ್ಮ?"

"ಅಮ್ಮ ಇದಾರೆ. ಊರಲ್ಲಿ. ಅವರಿಗೆ ಇದೇನೂ ಗೊತ್ತಿಲ್ಲ."

"ಅಬ್ಬಾ, ಒಂದಾದ್ರೂ ನಿಜ ಇದೆಯಲ್ಲ." ಸುನ್-ಒಕ್ ಉಸಿರು ಬಿಟ್ಟಳು. "ನಮ್ಮನೇಲಿ ಏನು ಕಲಿತ್ರಿ? ಹೇಳಿ, ಕೇಳೋಣ."

‘ನೀನು’ ಹೋಗಿ ‘ನೀವು’ ಬಂದಿತ್ತು. ಬೈದಿದ್ದರೆ ಉನ್-ಜೆ ತಡೆದುಕೊಳ್ಳುತ್ತಿದ್ದಳು, ಆ ಮರ್ಯಾದೆಯನ್ನು ತಡೆಯಲಾಗಲಿಲ್ಲ. ಕ್ಷಮಿಸಿ ಎಂದು ಮಂಡಿಯೂರಲು ಹೋದವಳನ್ನು ಸುನ್-ಒಕ್ ಕೈ ಅಡ್ಡ ಹಿಡಿದು ತಡೆದಳು.

"ಬೇಡ. ಅಕ್ಕಪಕ್ಕದವರು ನೋಡ್ತಾರೆ. ನೀವು ಹೇಳಿ ಹಗುರ ಆದ್ರಿ. ನಾನೀಗ ಯಾರಿಗೆ ಹೇಳಲಿ?"

ಅವಳು ಕಡಲ ಸೊಪ್ಪಿನ ಕಟ್ಟು ತೆಗೆದುಕೊಂಡು, ಮಂಡಿಗೆ ಅಡ್ಡ ಇಟ್ಟು, ಲಟಕ್ಕನೆ ಎರಡು ತುಂಡು ಮಾಡಿದಳು. ಆಮೇಲೆ ನಾಲ್ಕು. "ನಾನೇ ತಿಂತೀನಿ. ನಮ್ಮನೆಯವರ ಕಿಡ್ನಿಗೆ ಇದು ಕೂಡದು."

ಅಷ್ಟರಲ್ಲಿ ಕೆಳಗೆ ಮೆಟ್ಟಿಲ ಮೇಲೆ ಸದ್ದಾಯಿತು. ಕಾಲೆಳೆಯುವುದು, ನಿಲ್ಲುವುದು, ಏದುಸಿರು, ಮತ್ತೆ ಕಾಲೆಳೆಯುವುದು. ಸುನ್-ಒಕ್‌ಳ ಮುಖ ಬದಲಾಯಿತು. ಮೊದಲ ಸಲ ಅವಳ ದನಿಯಲ್ಲಿ ಬೇಡಿಕೆ ಇತ್ತು.

"ಅವರಿಗೆ ಹೇಳ್ಬೇಡಿ. ಇವತ್ತು ರಕ್ತ ಶುದ್ಧಿ ಮಾಡಿಸ್ಕೊಂಡು ಬರ್ತಿದಾರೆ. ಹೊಸ ಮನೇಲಿ ಹಾಸಿಗೆ ಎಲ್ಲಿ ಹಾಕೋದು ಅಂತ ಅಳತೆ ತಗೊಂಡು ಇಟ್ಕೊಂಡಿದಾರೆ. ಉಂಡು, ಮಲಗಿ, ಎದ್ದ ಮೇಲೆ ನಾನೇ ಹೇಳ್ತೀನಿ. ಅಲ್ಲಿವರೆಗೆ ನೀವು ನಮ್ಮ ಮನೆ ತಗೊಳ್ಳೋ ಹುಡುಗೀನೇ. ಹೋಗಿ."

ಬಾಗಿಲು ಮುಚ್ಚಿತು.

ತಿರುವಿನಲ್ಲಿ ಸುನ್-ಒಕ್‌ಳ ಗಂಡ ಮೆಟ್ಟಿಲ ಮೇಲೆ ಕೂತಿದ್ದರು, ಎಡತೋಳಿಗೆ ಬಿಳಿ ಪಟ್ಟಿ, ಮುಖ ಬೂದಿ ಬಣ್ಣ. ಉನ್-ಜೆಯನ್ನು ಅವರು ಹಿಂದೆ ಕಂಡಿರಲಿಲ್ಲ. ಆದರೂ ನಾಲ್ಕನೇ ಮಹಡಿಯಿಂದ ಇಳಿದು ಬರುವ ಅಪರಿಚಿತ ಹೆಂಗಸು ಇನ್ನಾರಿದ್ದಾಳು?

"ಓ, ನಮ್ಮ ಮನೆಗೆ ಬರೋ ಮಗಳಾ ನೀನು? ಅಮ್ಮ ಬಂದಿದ್ರಾ?"

"ಮುಂದಿನ ಸಲ ಬರ್ತಾರೆ" ಎಂದಳು ಉನ್-ಜೆ. ಈ ಸುಳ್ಳು ಅವಳದಾಗಿರಲಿಲ್ಲ, ಆದರೂ ಬಾಯಿ ಸುಟ್ಟಿತು.

ಅವರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದರು. ಬೇಡ ಕೂತ್ಕೊಳ್ಳಿ ಎಂದು ಅವಳು ಹೇಳುವುದರೊಳಗೆ ಎದ್ದು, ಕಂಬಿಯ ಬದಿಯನ್ನು ಅವಳಿಗೆ ಬಿಟ್ಟು, ತಾವು ಎದುರು ಗೋಡೆಗೆ ಬೆನ್ನು ಒತ್ತಿ ನಿಂತರು. ಉಬ್ಬಸದ ನಡುವೆ ನಗುತ್ತಿದ್ದರು.

"ಕಂಬಿ ಹಿಡ್ಕೊಂಡು ಇಳಿ ಮಗಳೇ. ಈ ಮೆಟ್ಟಿಲ ಕಾಟ ನಂಗೊಬ್ಬನಿಗೇ ಸಾಕು. ನಿಧಾನ, ಇಬ್ಬರು ಇಳೀತಿದೀರಿ."

ಉನ್-ಜೆಗೆ ಓಡಿಬಿಡಬೇಕೆನಿಸಿತ್ತು. ಆದರೆ ಮೇಲಿನಿಂದ ಅವರು ನೋಡುತ್ತಲೇ ಇದ್ದರು. ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದನ್ನು ಮಗುವಿಲ್ಲದ ಹೊಟ್ಟೆಯ ಮೇಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು.