ಆದಮ್ಮನ ಕರಿ ಒರೆಗಳು

ಮಸ್ಕಿಯ ಆದಮ್ಮ ಸಿಟ್ಟಿಲ್ಲದೆ ಮಾತಾಡಿದ್ದನ್ನು ಕೇಳಿದವರು ನಮ್ಮಲ್ಲಿ ಯಾರೂ ಇಲ್ಲ. ಮನೆಗೆ ಬಂದವರಿಗೆ "ಉಂಡೀಯೇನು?" ಎಂದು ಅವಳು ಕೇಳುವ ವರಸೆ ನೋಡಿದರೆ, ಬಂದವರು ಅವಳ ಅಡಿಗೆಮನೆಯಲ್ಲಿ ಕದ್ದು ತಿಂದು ಸಿಕ್ಕಿಬಿದ್ದಿದ್ದಾರೇನೋ ಅನ್ನಿಸಬೇಕು. ನೀರಿನ ತಂಬಿಗೆಯನ್ನು ಕುಕ್ಕಿಯೇ ಇಡುತ್ತಾಳೆ; ಮೊಮ್ಮಕ್ಕಳನ್ನು ಮುದ್ದಾಡುವುದು ಬೈಗುಳದಲ್ಲಿ, ದೇವರಿಗೆ ಕೈಮುಗಿಯುವುದು ಜವಾಬು ಕೇಳುವ ಧಾಟಿಯಲ್ಲಿ. ಭುಗಿಲೆದ್ದು ಆರಿಹೋಗುವ ಕೋಪ ಅವಳದಲ್ಲ. ಒಲೆಯ ಬೂದಿಯೊಳಗೆ ಮುಂಜಾನೆಯವರೆಗೂ ಉಳಿಯುವ ಕೆಂಡದ ಜಾತಿಯದು, ಕೆದಕಿದವರ ಕೈಯನ್ನು ಯಾವ ಹೊತ್ತಿನಲ್ಲಾದರೂ ಸುಡುತ್ತದೆ. ಊರಿನವರು ಇದನ್ನು ಅವಳ ಸ್ವಭಾವವೆಂದು ಒಪ್ಪಿಕೊಂಡು, ಬೆನ್ನ ಹಿಂದೆ ನಕ್ಕು, ಅವಳ ಮನೆಯ ಕಟ್ಟೆಗೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ಮುರಿದ ಚಾಕುವಿಗೆ ಹಿಡಿಕೆ, ಬರಿಯ ಅಲಗಿಗೆ ಒರೆ ಬೇಕಾದರೆ ಅಲ್ಲಿಗೇ ಹೋಗಬೇಕು.

ಅರವತ್ತರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಸದಾ ಗಂಡ ಯಮನೂರನ ಹಳೆಯ ಡ್ಯೂಟಿ ಅಂಗಿ ತೊಟ್ಟಿರುತ್ತಾಳೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ, ನಿವೃತ್ತನಾಗಿ ಬಂದ ಆತ ಈಗ ಮನೆಯೊಳಗೆ ರೇಡಿಯೋ ಕೇಳುತ್ತ ತಣ್ಣಗೆ ಕೂತಿದ್ದಾನೆ. ಅಂಗಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಅದರ ಜೇಬುಗಳಲ್ಲಿ ದಬ್ಬಣ, ನೈಲಾನ್ ದಾರ, ಒಂದು ತುಂಡು ಗರಗಸದ ಬ್ಲೇಡು, ಅಡಿಕೆ ಚೂರು. ನಡೆಯುವಾಗ ಬಲ ಮೊಣಕೈಯನ್ನು ಹೊರಗೆ ಚಾಚಿ, ಎದುರಿಗೆ ಬಂದವರು ತಾವಾಗಿಯೇ ಸರಿಯಲೆಂಬಂತೆ ನಡೆಯುತ್ತಾಳೆ. ಲಗ್ನದ ಅಡಿಗೆಗಳಲ್ಲಿ ಕುದಿಯುವ ಕೊಪ್ಪರಿಗೆಗಳ ನಡುವೆ ಇಪ್ಪತ್ತು ವರ್ಷ ಓಡಾಡಿದವಳಿಗೆ ಬಂದ ನಡಿಗೆ ಅದು. ಬಲಗೈಯ ಹೆಬ್ಬೆರಳು ಮಡಚುವುದಿಲ್ಲ.

ಆ ಹೆಬ್ಬೆರಳಿನ ಕಥೆಯನ್ನು ಅವಳು ಯಾರಿಗೂ ಕರೆದು ಹೇಳುವುದಿಲ್ಲ, ಕೇಳಿದರೆ ಬಿಡುವುದೂ ಇಲ್ಲ. ಸಿಂಧನೂರಿನಲ್ಲಿ ಯಾರದೋ ಲಗ್ನ, ರಾಶಿ ಉಳ್ಳಾಗಡ್ಡಿ, ಕೈಗೆ ಕೊಟ್ಟದ್ದು ಅಂಗಡಿಯಿಂದ ಆಗಷ್ಟೇ ಬಿಚ್ಚಿದ ಪ್ಲಾಸ್ಟಿಕ್ ಹಿಡಿಕೆಯ ಚಾಕು. ಒದ್ದೆ ಅಂಗೈಯಲ್ಲಿ ಹಿಡಿಕೆ ತಿರುಗಿತು, ಹಿಡಿದ ಕೈ ಜಾರಿತು, ಅಲಗು ಹೆಬ್ಬೆರಳಿನ ನರವನ್ನು ಕೊಯ್ದಿತು. ಅಡಿಗೆ ಕಾಂಟ್ರಾಕ್ಟರ್ ಗಂಗಾಧರ ದೂರದಿಂದಲೇ ನೋಡಿ, "ನೋಡಿಕೋತ ಹೆಚ್ಚಬೇಕಬೇ, ಖಬರ್ ಎಲ್ಲೈತಿ ನಿನಗ?" ಅಂದನಂತೆ. ಕೊಯ್ದ ನರಕ್ಕಿಂತ ಆ ಮಾತು ಆಳಕ್ಕೆ ಇಳಿಯಿತು. ಚಾಕು ಮಾಡಿದವನ ತಪ್ಪು, ತಂದುಕೊಟ್ಟವನ ತಪ್ಪು, ಎಲ್ಲ ಸೇರಿ ಕೊನೆಗೆ ಹಿಡಿದವಳ ತಪ್ಪಾಗಿ ನಿಲ್ಲುತ್ತದಲ್ಲ, ಆ ಜಾದೂವನ್ನು ಆದಮ್ಮ ಇವತ್ತಿಗೂ ಕ್ಷಮಿಸಿಲ್ಲ. ಹೆಚ್ಚುವ ಕೆಲಸ ಬಿಟ್ಟು ಮನೆಗೆ ಬಂದವಳು, ತನ್ನ ಜೊತೆಯ ಹೆಂಗಸರ ಚಾಕುಗಳನ್ನು ಒಂದೊಂದಾಗಿ ಕಸಿದುಕೊಂಡು ಅವುಗಳ ಹಿಡಿಕೆ ಕಿತ್ತು ಹಾಕತೊಡಗಿದಳು.

ಅವಳ ಕೆಲಸದ ರೀತಿಯೂ ಜಗಳದ ರೀತಿಯೇ. ಚಾಕು ತಂದವಳ ಕೈಗೆ ಮೊದಲು ಕಣಕದ ಮುದ್ದೆ ಕೊಡುತ್ತಾಳೆ. "ಹಿಡಿ. ಹಂಗಲ್ಲಬೇ, ಗಂಡನ ಕೊಳ್ಳಪಟ್ಟಿ ಹಿಡದಂಗ ಹಿಡಿ!" ಹಿಟ್ಟಿನಲ್ಲಿ ಮೂಡಿದ ಮುಷ್ಟಿಯ ಗುರುತನ್ನು ಎದುರಿಗಿಟ್ಟುಕೊಂಡು, ಜಾಲಿ ಕಟ್ಟಿಗೆಯ ಎರಡು ಹೋಳುಗಳನ್ನು ಕೆತ್ತಿ, ಕಾಯಿಸಿದ ಮೊಳೆಯಿಂದ ತೂತು ಕೊರೆದು, ಸುಟ್ಟ ಮೋಟರಿನ ತಾಮ್ರದ ತಂತಿಯನ್ನು ಅದರಲ್ಲಿ ತೂರಿಸಿ ಎರಡೂ ಕಡೆ ಬಡಿದು ಬಿಗಿಯುತ್ತಾಳೆ. ಮೇಲೆ ಅಗಸೆ ಎಣ್ಣೆ. ಒರೆಗೆ ಹೊಲದ ಬದುವಿನಲ್ಲಿ ಬಿದ್ದ ಪಿವಿಸಿ ಪೈಪಿನ ತುಂಡು. ಅದನ್ನು ಸೀಳಿ, ಕೆಂಡದ ಶಾಖಕ್ಕೆ ಹಿಡಿದು ಮೆತ್ತಗಾದಾಗ ಮಡಚಿ, ಕಲ್ಲಿನಡಿ ಒತ್ತಿಟ್ಟರೆ ಅಲಗಿಗೆ ತಕ್ಕ ಚಪ್ಪಟೆ ಗೂಡು. ಚಾಕು ಜಾರದಂತೆ ಬಾಯಿಗೆ ಸೈಕಲ್ ಟ್ಯೂಬಿನ ಒಂದು ಉಂಗುರ, ಗೂಡಿನ ಮೇಲೆ ಸಿಕ್ಕ ಅರಿವೆಯಿಂದ ಹೊಲಿದ ಹೊದಿಕೆ. ಕೊಂಡು ತರುವುದು ದಾರ, ಎಣ್ಣೆ ಎರಡೇ. ಉಳಿದದ್ದೆಲ್ಲ ಜನ ಎಸೆದದ್ದು. ಆದರೆ ಎಸೆದದ್ದರಿಂದ ಮಾಡಿದ್ದು ಎಸೆದದ್ದರಂತೆ ಕಾಣಬಾರದೆಂಬ ಹಟ ಅವಳದು. ಹೊಲಿಗೆ ಒಂದು ಎಳೆ ಸೊಟ್ಟಗಾದರೂ ಪೂರ್ತಿ ಬಿಚ್ಚುತ್ತಾಳೆ, ಬಿಚ್ಚುವಾಗ ದಾರ ಮಾಡಿದವನ ವಂಶವನ್ನೆಲ್ಲ ನೆನೆಯುತ್ತಾಳೆ.

ಕಳೆದ ಬೇಸಿಗೆಗೆ ಮುಂಚೆ ಅವಳ ಕೈಗೆ ಒಂದು ಭಾಗ್ಯ ಬಂತು. ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಹಿಂದೆ ಬೈಕಿನ ಸೀಟು ಹೊಲಿಯುವ ಆಸೀಮ್, ಅಂಚು ಹರಿದ ಒಂದು ಸುರುಳಿ ಕರಿ ರೆಕ್ಸಿನ್ನನ್ನು ಪುಕ್ಕಟೆ ತಂದುಕೊಟ್ಟ. ಅದುವರೆಗೆ ಒಬ್ಬೊಬ್ಬಳ ಒರೆಗೆ ಒಂದೊಂದು ತೇಪೆ: ಗೊಬ್ಬರದ ಚೀಲ, ಹಳೆಯ ಛತ್ರಿ, ಸಾಲಿ ಹುಡುಗರ ಹರಿದ ಬ್ಯಾಗು. ಈ ಸಲ ಆದಮ್ಮ ಹೆಚ್ಚುವ ಹೆಂಗಸರ ಇಡೀ ತಂಡಕ್ಕೆ, ಹತ್ತು ಹನ್ನೆರಡು ಮಂದಿಗೆ, ಒಂದೇ ಅಳತೆಯ ಕರಿ ಒರೆ ಹೊಲಿದು, ಅಂಚಿಗೆ ಕೆಂಪು ದಾರ ಹಾಕಿದಳು. ಹೆಂಗಸರು ಅವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ತಂಡದಲ್ಲಿ ಎಲ್ಲರಿಗಿಂತ ಚುರುಕಿನ ದುರ್ಗಾದೇವಿ, "ಯಕ್ಕಾ, ಈಗ ನಾವು ಕಂಪನಿಯವ್ರಂಗ ಕಾಣ್ತೀವಿ ನೋಡು" ಅಂದಳು. ಆದಮ್ಮ, "ಬಾಯಿ ಮುಚ್ಚು, ಚಾಕು ಒಳಗ ಹಾಕು" ಎಂದು ಗದರಿದಳಂತೆ. ಆದರೆ ಆವತ್ತು ಅವಳ ಮುಖ ಅರಳಿದ್ದನ್ನು ಯಮನೂರ ಬಾಗಿಲಲ್ಲಿ ನಿಂತು ನೋಡಿದ್ದಾನೆ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಚುನಾವಣೆಯ ಕಾಲ, ದಾರಿದಾರಿಗೆ ತಪಾಸಣೆ. ಗೊರೇಬಾಳದ ಒಂದು ಲಗ್ನಕ್ಕೆ ಹೆಂಗಸರೆಲ್ಲ ಮುಂಜಾನೆ ಟಂಟಂ ಆಟೋದಲ್ಲಿ ಹೊರಟಿದ್ದಾರೆ. ಅಡ್ಡಕಟ್ಟಿದ ಪೊಲೀಸರು ಚೀಲ ಬಿಚ್ಚಿಸಿದರು. ಒಂದು ಚೀಲದಲ್ಲಿ ಕರಿ ಒರೆಯ ಚಾಕು, ಎರಡನೆಯದರಲ್ಲೂ ಅದೇ, ಮೂರನೆಯದು ಬಿಚ್ಚುವ ಹೊತ್ತಿಗೆ ಅವರ ಮುಖದ ಬಣ್ಣವೇ ಬದಲಾಯಿತು. "ಮನಿ ಚಾಕೂಗೆ ಒರೆ ಯಾಕಬೇ?" ಎಂಬ ಪ್ರಶ್ನೆಗೆ "ಕೈ ಕೊಯ್ಯಬಾರದಂತರೀ" ಎಂಬ ಉತ್ತರ ಅವರಿಗೆ ಉತ್ತರವೆನ್ನಿಸಲಿಲ್ಲ. ಚಾಕುಗಳನ್ನು ಜೀಪಿನ ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿ, ಹಿಂದೆ ಹೆಂಗಸರನ್ನು ನಿಲ್ಲಿಸಿ ಫೋಟೋ ಹೊಡೆದರು. ಹೆಂಗಸರನ್ನು ಬಿಟ್ಟರು, ಚಾಕುಗಳನ್ನು ಬಿಡಲಿಲ್ಲ. ಮಧ್ಯಾಹ್ನದೊಳಗೆ ಆ ಫೋಟೋ ವಾಟ್ಸಾಪಿನಲ್ಲಿ ಮಸ್ಕಿಯ ಓಣಿ ಓಣಿ ಸುತ್ತಿ, ಅವರವರ ಗಂಡಂದಿರ ಕೈಗೇ ಬಂತು.

ಲಗ್ನದ ಮನೆಯವರು ಅವಸರಕ್ಕೆ ಪೇಟೆಯಿಂದ ಹೊಸ ಚಾಕು ತರಿಸಿದರು. ಬಣ್ಣ ಬಣ್ಣದ ಪ್ಲಾಸ್ಟಿಕ್ ಹಿಡಿಕೆಯವು. ಬದನೆಕಾಯಿ ಹೆಚ್ಚುತ್ತಿದ್ದ ದುರ್ಗಾದೇವಿಯ ಕೈಯಲ್ಲಿ ಹಿಡಿಕೆ ಬಿರಿಯಿತು, ಅಲಗು ಅಂಗೈಗೆ ಇಳಿಯಿತು.

ಸುದ್ದಿ ಕೇಳಿ ಓಡಿಹೋದ ಆದಮ್ಮ, ಹೊಲಿಗೆ ಹಾಕಿದ ಆ ಕೈಯನ್ನು ನೋಡಿ ಮೊದಲು ಬೈದಳು. "ಕೈಯೇನ ಅದು, ಕಟ್ಟಿಗಿಯೇನ? ಹಿಡಿ ಅಳ್ಳಾಡಿದ್ದು ಗೊತ್ತಾಗಲಿಲ್ಲೇನ ನಿನಗ?" ಅಷ್ಟು ಅಂದವಳು ತಟ್ಟನೆ ನಿಂತುಬಿಟ್ಟಳು. ಗಂಗಾಧರ ತನಗೆ ಅಂದ ಮಾತೇ ತನ್ನ ಬಾಯಿಂದ ಬರುತ್ತಿತ್ತು. ದುರ್ಗಾದೇವಿಯ ಮಂಚದ ಕಾಲ ಬಳಿ ಕೂತುಬಿಟ್ಟಳು, ಮತ್ತು ಅವಳ ಬೈಗುಳ ಅರ್ಧಕ್ಕೇ ನಿಂತದ್ದನ್ನು ಕಂಡು ಆ ಮನೆಯವರಿಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಠಾಣೆಗೆ ಹೋದಳು. ಅಲ್ಲಿದ್ದ ಸಾಹೇಬರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟರು. ಅವಳು ಕೂಡಲಿಲ್ಲ.

"ನೋಡಮ್ಮಾ, ಎಲ್ಲಾ ಒಂದ ನಮೂನಿ, ಎಲ್ಲಾ ಕರೇವು. ಯಾರ ನೋಡಿದ್ರೂ ಏನಂತಾರ? ಗ್ಯಾಂಗ್ ಅಂತಾರ."

"ನಿಮ್ಮ ಅಂಗಿನೂ ಎಲ್ಲಾ ಒಂದ ನಮೂನಿ ಅದಾವಲ್ರೀ ಸಾಹೇಬ್ರ. ನಾ ಏನನ್ಲಿ?"

ಸಾಹೇಬರು ನಕ್ಕುಬಿಟ್ಟರು. ಅವರು ಗದರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಆ ನಗು ಮೈಯನ್ನೆಲ್ಲ ಉರಿಸಿತು. ಚಾಕು, ಒರೆ ಎಲ್ಲವನ್ನೂ ಮೇಜಿನ ಮೇಲೆ ಇಡಿಸಿ, ತಮ್ಮ ಮಟ್ಟಿಗೆ ಉಪಕಾರದ ಮಾತನ್ನೇ ಹೇಳಿದರು: "ತಗೊಂಡು ಹೋಗ್ರಿ. ಖರೇ ಹೇಳ್ತೀನಿ, ಇಷ್ಟು ನೀಟಾಗಿ ಮಾಡಿದ್ದಕ್ಕ ಸಂಶೇ ಬಂತು. ಇನ್ನ ಮ್ಯಾಲ ಯಾವದರ ಹಳೇ ಚಿಂದಿ ಸುತ್ತಿಗೊಂಡು ಹೋಗ್ರಿ, ಯಾರೂ ಕೇಳಂಗಿಲ್ಲ."

ಒರೆಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದ ಒಬ್ಬ ಪೇದೆ ಅವಳ ಬೆನ್ನಿಗೇ ಬಾಗಿಲವರೆಗೆ ಬಂದು, "ಯಮ್ಮಾ, ನಮ್ಮ ಮನಿಗೂ ಇಂಥಾದ್ದೊಂದು ಮಾಡಿ ಕೊಡ್ತೀಯೇನು?" ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಮನ್ಯಾಗ ಚಿಂದಿ ಇಲ್ಲೇನ್ರಿ?" ಎಂದಳು ಆದಮ್ಮ, ಮತ್ತು ಹಿಂತಿರುಗಿ ನೋಡದೆ ಬಂದಳು.

ಠಾಣೆಯಲ್ಲಿ ಗೆದ್ದುಬಂದವಳು ಸೋತದ್ದು ಸ್ವಂತ ಕಟ್ಟೆಯ ಮೇಲೆ. ಚಾಕು ತೆಗೆದುಕೊಳ್ಳಲು ಬಂದ ಹೆಂಗಸರು ಒಬ್ಬೊಬ್ಬರಾಗಿ ಅಲಗನ್ನು ಎಳೆದುಕೊಂಡು, ಕರಿ ಒರೆಯನ್ನು ಅಲ್ಲೇ ಬಿಟ್ಟರು. ಒಬ್ಬಳ ಗಂಡ ಫೋಟೋ ತೋರಿಸಿ ಕೈ ಮಾಡಿದ್ದ. ಇನ್ನೊಬ್ಬಳ ಬೀಗರು, ಸೊಸೆಯ ತಾಯಿ ಹತಾರ ಸಾಗಿಸುತ್ತಾಳೆಂದು ಆಡಿಕೊಂಡಿದ್ದರು. ಕೊನೆಗೆ ದುರ್ಗಾದೇವಿಯೂ ಅವರ ನಡುವಿನಿಂದ ಮುಂದೆ ಬಂದಳು, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು.

"ಯಕ್ಕಾ, ಸಿಟ್ಟಿಗೇಳಬ್ಯಾಡ. ಬರೇ ಚಾಕು ಕೊಡು ಸಾಕು. ಒರೆ ಇಲ್ಲಂದ್ರ ಅವತ್ತ ನಮ್ಮನ್ನ ಯಾರೂ ಹಿಡೀತಿದ್ದಿಲ್ಲ."

ಬರಿಯ ಅಲಗು ಚೀಲದಲ್ಲಿ ಹೋದರೆ ಇನ್ನೊಂದು ಕೈ ಹೋಗುತ್ತದೆ. ಇದು ಆದಮ್ಮನಿಗೆ ಗೊತ್ತಿತ್ತು, ಗಾಯದ ಕೈ ಹೊತ್ತು ನಿಂತ ದುರ್ಗಾದೇವಿಗೂ ಗೊತ್ತಿತ್ತು. ಆದರೆ ಕೊಯ್ದ ಕೈಗಿಂತ ತೆಗೆದ ಫೋಟೋ ದೊಡ್ಡದಾಗಿಬಿಟ್ಟಿತ್ತು. ಆದಮ್ಮ ಬೈಯಲಿಲ್ಲ. ಚಾಕುಗಳನ್ನೆಲ್ಲ ಮತ್ತೆ ಅವರ ಕೈಯಿಂದ ಕಸಿದು ಬುಟ್ಟಿಗೆ ಹಾಕಿಕೊಂಡು, "ನಾಲ್ಕು ದಿನ ಬಿಟ್ಟು ಬರ್ರಿ" ಎಂದು ಬಾಗಿಲು ಎಳೆದುಕೊಂಡಳು.

ಆ ದಿನಗಳಲ್ಲಿ ಅವಳು ಮಾಡಿದ ಕೆಲಸವನ್ನು ಕಣ್ಣಾರೆ ಕಂಡವನು ಆಸೀಮ್. ಇನ್ನೊಂದು ತುಂಡು ರೆಕ್ಸಿನ್ ಸಿಕ್ಕಿತೆಂದು ಉಮೇದಿನಿಂದ ತಂದವನು ಕಟ್ಟೆಯ ಮುಂದೆ ನಿಂತುಬಿಟ್ಟ. ಆದಮ್ಮ ತನ್ನ ಹಳೆಯ ಸೀರೆಗಳನ್ನು ಹರಿದು, ಮಾಸಿದ ಬಣ್ಣದ ಆ ಚೂರುಗಳನ್ನು ಕರಿ ಒರೆಗಳ ಮೇಲೆ ಹೊದಿಸಿ, ಬೇಕೆಂದೇ ಸೊಟ್ಟ ಸೊಟ್ಟ ಹೊಲಿಗೆ ಹಾಕುತ್ತಿದ್ದಳು. ಒಂದು ಎಳೆ ಸೊಟ್ಟಗಾದರೆ ಪೂರ್ತಿ ಬಿಚ್ಚುತ್ತಿದ್ದ ಹೆಂಗಸು, ನೆಟ್ಟಗೆ ಬಿದ್ದ ಹೊಲಿಗೆಯನ್ನು ಬಿಚ್ಚಿ ಸೊಟ್ಟಗೆ ಹಾಕುತ್ತಿದ್ದಳು. ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಅದು ದುಃಖದ ನೀರಲ್ಲವೆಂದು ದಬ್ಬಣ ಚುಚ್ಚುವ ರಭಸ ನೋಡಿದರೇ ತಿಳಿಯುತ್ತಿತ್ತು.

"ಯಾಕಮ್ಮಾ, ಹೊಸಾದರ ಮ್ಯಾಲ ಹಳೇದು ಹೊಲಿಯಾಕತ್ತೀ?"

"ಹೊಸಾದು ಅವರ ಕಣ್ಣಿಗೆ ಚುಚ್ಚತೈತಂತ. ನಡಿಯಲೇ, ನಿನ್ನ ಕರೇದು ತಗೊಂಡು ನಡಿ!"

ಹೆಂಗಸರು ಬಂದರು. ಈ ಸಲ ಯಾರೂ ಒರೆಯನ್ನು ಬಿಟ್ಟುಹೋಗಲಿಲ್ಲ. ನೋಡಿದರೆ ಅದು ಒರೆಯೆಂದು ಅನ್ನಿಸುತ್ತಲೇ ಇರಲಿಲ್ಲ, ಬಡವರ ಮನೆಯ ಯಾವುದೋ ಗಂಟಿನಂತೆ ಇತ್ತು. ದುರ್ಗಾದೇವಿ ಮಾತ್ರ ಗಾಯವಿಲ್ಲದ ಕೈಯ ಬೆರಳನ್ನು ಅದರ ಬಾಯಿಯೊಳಗೆ ತೂರಿಸಿ, ಮಾಸಿದ ಅರಿವೆಯ ಕೆಳಗೆ ಕೆಂಪು ದಾರದ ಅಂಚು ಹಾಗೇ ಇರುವುದನ್ನು ಸವರಿ ನೋಡಿ, ತಲೆ ತಗ್ಗಿಸಿದಳು. "ಏನ ನೋಡ್ತೀ? ಹೋಗು, ಹೊತ್ತಾತು" ಎಂದು ಆದಮ್ಮ ಗದರಿದಳು. ತಂಡ ಈಗಲೂ ಲಗ್ನದಿಂದ ಲಗ್ನಕ್ಕೆ ಹೋಗುತ್ತದೆ, ದಾರಿಯಲ್ಲಿ ಚೀಲ ಬಿಚ್ಚಿ ನೋಡಿದವರು ಚಿಂದಿ ಕಂಡು ಮುಂದೆ ಕಳಿಸುತ್ತಾರೆ.

ಆದಮ್ಮನಂಥವರು ಎಲ್ಲ ಊರಿನಲ್ಲೂ ಇದ್ದಾರೆ, ಮತ್ತು ಎಲ್ಲ ಊರೂ ಅವರನ್ನು ಸಿಡುಕರೆಂದು ಕರೆದು ಕೈತೊಳೆದುಕೊಳ್ಳುತ್ತದೆ. ಒಬ್ಬಳು ಬಡ ಹೆಂಗಸು ತನ್ನ ಕೈಯಿಂದ ಒಂದು ವಸ್ತುವನ್ನು ನಿರ್ದೋಷವಾಗಿ ಮಾಡಿದಳೆಂದರೆ ನಾವು ಮೊದಲು ಕೇಳುವುದು ಇದು ಎಲ್ಲಿಂದ ಬಂತೆಂದು, ಆಮೇಲೆ ಯಾಕೆ ಬೇಕಿತ್ತೆಂದು. ಚೆನ್ನಾಗಿದೆ ಎಂಬ ಮಾತು ಬಂದರೂ ಬಾಗಿಲ ಬಳಿ, ಪಿಸುದನಿಯಲ್ಲಿ ಬರುತ್ತದೆ. ಹಾಗಾಗಿ ಇಂಥವರಿಗೆ ಎರಡು ದುಡಿಮೆ. ಚೆನ್ನಾಗಿ ಮಾಡುವುದು ಒಂದು. ಚೆನ್ನಾಗಿರುವುದು ಯಾರಿಗೂ ಕಾಣದಂತೆ ಮುಚ್ಚುವುದು ಇನ್ನೊಂದು. ಮೊದಲನೆಯದನ್ನು ಅವರು ಸಂತೋಷದಿಂದಲೇ ಮಾಡುತ್ತಾರೆ. ಎರಡನೆಯದನ್ನು ನಾವು ಅವರಿಂದ ಮಾಡಿಸುತ್ತೇವೆ, ಮತ್ತು ಆಮೇಲೆ, ಇವರಿಗೇಕೆ ಇಷ್ಟು ಸಿಟ್ಟು ಎಂದು ಕೇಳುತ್ತೇವೆ.