ಕೊಂಡಿ ಹಚ್ಚಿದ ಪಾಠ

ಜಮಖಂಡಿಯಿಂದ ದಿಪೋಟಿ ಸಾಹೇಬರು ಗುರುವಾರ ಶಾಲೆ ತಪಾಸಣೆಗೆ ಬರುತ್ತಾರೆಂಬ ಕಾಗದ ಬಂದ ದಿನದಿಂದ ಪಾರಿಸಪ್ಪ ಮಾಸ್ತರರಿಗೆ ಊಟ ರುಚಿಸಲಿಲ್ಲ. ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಕನ್ನಡ ಕಲಿಸುವವರು ಅವರು. ಸಂಸ್ಥಾನದಲ್ಲಿ ಮರಾಠಿಯದೇ ದರ್ಬಾರು. ಅಂಥದರಲ್ಲಿ ಮೇಲಿನವರ ಬೆನ್ನು ಹತ್ತಿ, ಒಂದು ಹಳೆಯ ಕನ್ನಡ ಕಾದಂಬರಿಯನ್ನು ಪಾಠಕ್ಕೆ ಹಚ್ಚಿಸಿ ಮೂರು ವರ್ಷವಾಗಿತ್ತು. ಈಗ ಸಾಹೇಬರ ಹುಕುಂ ಏನೆಂದರೆ, ಪಾಠ ಬರೀ ಬಾಯಿಮಾತಿನಲ್ಲಿ ಮುಗಿಯಕೂಡದು. ಕಾದಂಬರಿಯ ಕಾಲ ಎಂಥದಿತ್ತೆಂದು ಕಣ್ಣಿಗೆ ಕಾಣುವ ಸಾಮಾನು ಇಟ್ಟು ಕಲಿಸಬೇಕು. ಅದು ಮನಸ್ಸಿಗೆ ಬಾರದಿದ್ದರೆ ಬರುವ ವರ್ಷದಿಂದ ಪುಸ್ತಕ ಬಂದ್.

ಕಾದಂಬರಿ ಪೇಶವೆಯರ ಕಾಲದ ಒಂದು ನೇಕಾರರ ಮನೆಯ ಕಥೆ. ಹಣಮವ್ವ ಎಂಬ ಮಲತಾಯಿ, ಅವಳಿಗೊಬ್ಬಳು ಮಲಮಗಳು. ಏಳನೆಯ ಅಧ್ಯಾಯದಲ್ಲಿ ಒಂದು ಸಾಲು ಬರುತ್ತದೆ: 'ಹಣಮವ್ವ ಬಾಗಿಲು ಮುಚ್ಚಿಕೊಂಡು ಕೂತು ಮಗಳ ಮದುವೆಯ ಸೀರೆಗೆ ಕೊಂಡಿ ಹಚ್ಚಿದಳು.' ಎಂಟನೆಯ ಅಧ್ಯಾಯದಲ್ಲಿ ಮಗಳಿಗೆ ಗಂಡನ ಮನೆಯಲ್ಲಿ ಜ್ವರ ಬರುತ್ತದೆ. ಇನ್ನೇನು ಬೇಕು? ಚೇಳಿನ ಕೊಂಡಿ, ಸೀರೆಗೆ ವಿಷ, ಆಮೇಲೆ ಜ್ವರ. ಹಣಮವ್ವ ಅಳುವ ಪುಟ ಬಂದಾಗ ಮಾಸ್ತರರು ಕನ್ನಡಕ ಏರಿಸಿ, "ಇದು ಕಪಟದ ಕಣ್ಣೀರು, ಬರಕೋರಿ" ಎನ್ನುತ್ತಿದ್ದರು.

ಹುಡುಗಿಯರು ಬರೆದುಕೊಂಡರು. ಎಲ್ಲರಿಗಿಂತ ಜಾಣೆಯಾದ ಭಾಗವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ತಿಂಗಳಿಂದ ಮನೆಯಲ್ಲಿ ತನ್ನ ಮಲತಾಯಿಯ ಜೊತೆ ಮಾತೇ ಬಿಟ್ಟಿದ್ದಳು. ಅದು ಕಿವಿಗೆ ಬಿದ್ದಾಗ ಪಾಠ ಮೈಗೆ ಹತ್ತಿತೆಂದು ಮಾಸ್ತರರು ಒಳಗೊಳಗೇ ಉಬ್ಬಿದ್ದರು. ದೇವರು ಅವರನ್ನು ಕ್ಷಮಿಸಲಿ.

ಸಾಮಾನು ಆರಿಸುವ ಕೆಲಸ ಸುರುವಾಯಿತು. ಪುಣೆಯಲ್ಲಿ ಅಚ್ಚಾದ ಪೇಶವೆ ದರ್ಬಾರಿನ ಚಿತ್ರಪಟ ಸಿಕ್ಕಿತು. ಆದರೆ ಕಥೆಯಲ್ಲಿ ಎಲ್ಲಿಯೂ ದರ್ಬಾರಿಲ್ಲ. ಯಾರೋ ತುಕ್ಕು ಹಿಡಿದ ಕತ್ತಿ ಕೊಟ್ಟರು. ಕಥೆಯಲ್ಲಿ ಯಾರೂ ಕತ್ತಿ ಹಿಡಿಯುವುದಿಲ್ಲ. ಕೊನೆಗೆ ಹಿಪ್ಪರಗಿಯ ರೈತ ಸಿದರಾಯ ಹೊಲದಲ್ಲಿ ಹಿಡಿದ ಕರಿಚೇಳೊಂದನ್ನು ಗಾಜಿನ ಭರಣಿಯಲ್ಲಿ ಹಾಕಿ ತಂದುಕೊಟ್ಟ. ಇದು ಪಾಠಕ್ಕೆ ಹೇಳಿ ಮಾಡಿಸಿದಂತಿತ್ತು. ಆದರೆ ಮಾಸ್ತರರು ತೇರದಾಳದ ಜೈನರು. ಕೊಲ್ಲುವ ಮಾತು ದೂರವೇ ಉಳಿಯಿತು, ಅದಕ್ಕೆ ಉಸಿರು ಕಟ್ಟೀತೆಂದು ಮುಚ್ಚಳಕ್ಕೆ ಏಳು ತೂತು ಕೊರೆದರು. ಅವರ ಹೆಂಡತಿ ರಾಜಮತಿ ಮೂರು ದಿನ ಭರಣಿ ಇಟ್ಟ ಕೋಣೆಗೆ ಕಾಲಿಡಲಿಲ್ಲ.

ಇನ್ನು ಬೇಕಾದದ್ದು ಒಂದು ಹಳೆಯ ಸೀರೆ. ಅದಕ್ಕಾಗಿ ಮಂಗಳವಾರ ಸಂಜೆ ನೇಕಾರ ಓಣಿಗೆ ಹೋದರು. ಹಳೆಯ ಸೀರೆ ಭಾಗವ್ವನ ಮನೆಯಲ್ಲಿವೆ ಎಂದು ಓಣಿಯವರು ಬೆರಳು ತೋರಿಸಿದರು. ಪಡಸಾಲೆಯಲ್ಲಿ ಭಾಗವ್ವನ ಮಲತಾಯಿ ಹಾಲವ್ವ ನೂಲು ಹರವಿಕೊಂಡು ಕೂತಿದ್ದಳು. ಭಾಗವ್ವ ಮಾಸ್ತರರನ್ನು ಕಂಡು ಒಳಗೆ ಸರಿದಳು. ಪುಸ್ತಕದ ಪಾಠಕ್ಕೊಂದು ಹಳೆಯ ಸೀರೆ ಬೇಕಾಗಿದೆಯೆಂದು ಮಾಸ್ತರರು ಹೇಳಿದರು.

"ಯಾವ ಪುಸ್ತಕಕ್ಕರಿ ಸೀರಿ?" ಎಂದು ಹಾಲವ್ವ ಕೇಳಿದಳು. "ಆ ಮಲತಾಯಿದೇನ್ರಿ?"

"ಹೌದು ತಂಗಿ, ಅದಕ್ಕ."

"ಕೊಂಡಿ ಹಚ್ಚಿದ್ದು ಒಂದೀಟು ಓದ್ರಿ."

ಮಾಸ್ತರರು ಚೀಲದಿಂದ ಪುಸ್ತಕ ತೆಗೆದು ಆ ಸಾಲನ್ನು ರಾಗವಾಗಿ ಓದಿದರು. ಹಾಲವ್ವ ಕೈಯೊಳಗಿನ ಎಳೆ ಕೆಳಗಿಟ್ಟು ಅವರ ಮುಖ ನೋಡಿದಳು.

"ಕೊಂಡಿ ಅಂದ್ರ ಏನ್ ತಿಳದೀರಿ ಮಾಸ್ತರ?"

"ಚೇಳಿಂದು."

"ಸೀರಿ ಒಡಲಿನ ಹಾಸು, ಅಂದ್ರ ಉದ್ದನ ಎಳಿ, ಬ್ಯಾರೆ ಇರತೈತ್ರಿ, ಸೆರಗಿನ ಹಾಸು ಬ್ಯಾರೆ ಇರತೈತಿ. ಒಡಲಿಗಿ ಹತ್ತಿ, ಸೆರಗಿಗಿ ರೇಶಿಮಿ. ಇದರ ಎಳಿಯಾಗ ಅದರ ಎಳಿ ಸಿಗಿಸಿ, ಒಂದೊಂದ ಒಂದೊಂದ ಕೂಡಿಸಿಕೋತ ಹೋಗಬೇಕು. ಅದಕ್ಕ ಕೊಂಡಿ ಹಚ್ಚೂದು ಅಂತಾರ. ನಾನೂ ಈಗ ಅದನ್ನ ಮಾಡಾಕತ್ತೇನಿ."

ಮಾಸ್ತರರು ನೋಡಿದರು. ಒಂದು ಕಡೆ ಕಪ್ಪು ಹತ್ತಿ, ಇನ್ನೊಂದು ಕಡೆ ಕೆಂಪು ರೇಶಿಮೆ, ನಡುವೆ ಕಣ್ಣಿಗೆ ಬೀಳದಷ್ಟು ಸಣ್ಣ ಕುಣಿಕೆಗಳ ಸಾಲು. ಹಳಗನ್ನಡವನ್ನು ಅರೆದು ಕುಡಿದ ಮನುಷ್ಯ, ಮೂರು ವರ್ಷದಲ್ಲಿ ಒಂದು ದಿನವೂ ಈ ಓಣಿಯ ಕಟ್ಟೆ ಹತ್ತಿರಲಿಲ್ಲ. ಆದರೂ ಜೀವ ಕೇಳಬೇಕಲ್ಲ, ಕೊನೆಯದೊಂದು ಗುಂಡು ಹಾರಿಸಿದರು.

"ಹಂಗಾರ ಮುಂದ ಆ ಹುಡುಗಿಗೆ ಜ್ವರ ಬರತೈತಲ್ಲ?"

"ಜ್ವರ ಯಾರಿಗಿ ಬರಾಂಗಿಲ್ರಿ?"

ಮಾಸ್ತರರು ಕಟ್ಟೆಯ ಮೇಲೆ ಕೂತುಬಿಟ್ಟರು. "ನೇಕಾರರ ಮಕ್ಕಳು ಇಷ್ಟ ಮಂದಿ ಅದಾರು. ಒಬ್ಬರೂ ಯಾಕ ಹೇಳಲಿಲ್ಲ?"

"ಭಾಗವ್ವನ್ನ ನಾನೂ ಕೇಳಿದ್ನಿ. ಮನಿ ಕೊಂಡಿ ಬ್ಯಾರೆ, ಪುಸ್ತಕದ ಕೊಂಡಿ ಬ್ಯಾರೆ, ಮಾಸ್ತರ ಹೇಳ್ಯಾರ ಅಂದ್ಲು. ನನಗ ಓದಾಕ ಬರೂದಿಲ್ಲ, ಇರಬೇಕು ಅಂತ ಸುಮ್ಮಾದ್ನಿ." ಹಾಲವ್ವ ದನಿ ತಗ್ಗಿಸಿದಳು. "ಮೊದಲ ಅವ್ವ ಅನ್ನದಿದ್ರೂ ಚಿಗವ್ವ ಅಂತಿದ್ಲರಿ. ಈಗ ಅದೂ ಇಲ್ಲ. ನನ್ನ ಕೈಯಾಗಿನ ನೀರ ಸೈತ ಕುಡಿಯಾಂಗಿಲ್ಲ. ಈ ಸೀರಿ ಅಕಿಗೇ ಮಾಡಾಕತ್ತಿದ್ದು. ನಿಮ್ಮ ಕೊಂಡಿ ಸೀರಿ ನನಗ ಬ್ಯಾಡ ಅಂದ್ಲು."

ಮಾಸ್ತರರಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅವರ ತಲೆ ಮೊದಲು ಓಡಿದ್ದು, ಸುಳ್ಳು ಯಾಕೆ ಹೇಳಬೇಕು, ತಮ್ಮ ಮಾನದ ಕಡೆಗೇ. ಸಾಹೇಬರ ಎದುರು ತಪ್ಪು ಒಪ್ಪಿಕೊಂಡರೆ ಪುಸ್ತಕವೂ ಹೋಯಿತು, ತಾವೂ ಹೋದಂತೆ.

"ಆ ಅಧ್ಯಾಯ ಇನ್ನ ಬಿಟ್ಟಬಿಡತೇನಿ ತಂಗಿ."

"ಬಿಟ್ಟರ ನನಗೇನ ಆತ್ರಿ? ಹೇಳಿದ ಬಾಯಿಲೆ ತಿರುಗಿ ಹೇಳ್ರಿ."

ಅಂದು ಮನೆಗೆ ಹೋದವರೇ ಹಳ್ಳದ ದಂಡೆಗೆ ನಡೆದು, ಕಲ್ಲುಗಳ ಸಂದಿಯಲ್ಲಿ ಭರಣಿ ಬೋರಲು ಹಾಕಿ ಚೇಳನ್ನು ಬಿಟ್ಟು ಬಂದರು. ಚಿತ್ರಪಟ, ಕತ್ತಿ ಅವರವರ ಮನೆ ಸೇರಿದವು.

ಗುರುವಾರ ದಿಪೋಟಿ ಸಾಹೇಬರು ಕುರ್ಚಿಯಲ್ಲಿ ಕೂತು ನೋಡುತ್ತಾರೆ, ವರ್ಗದ ನಡುವೆ ಜಮಖಾನೆಯ ಮೇಲೆ ಒಬ್ಬ ನೇಕಾರ ಹೆಣ್ಣುಮಗಳು ಎರಡು ಹಾಸು ಹರವಿಕೊಂಡು ತಲೆ ತಗ್ಗಿಸಿ ಕೂತಿದ್ದಾಳೆ. ಭಾಗವ್ವ ಗೋಡೆಯ ಕಡೆಗೆ ಮುಖ ಮಾಡಿದ್ದಾಳೆ. ಮಾಸ್ತರರು ಎದ್ದು ನಿಂತರು. ಪುಸ್ತಕದ ಏಳನೆಯ ಅಧ್ಯಾಯ ತೆರೆದು ಹಿಡಿದರು.

"ಮೂರು ವರ್ಷದಿಂದ ಈ ಪಾಠ ತಪ್ಪ ಕಲಿಸೇನಿ. ಹಣಮವ್ವ ವಿಷ ಹಾಕಲಿಲ್ಲ. ಮಗಳ ಸೀರಿಗೆ ಸೆರಗ ಕೂಡಿಸಿದ್ಲು. ಅಕಿ ಅತ್ತದ್ದು ಖರೆ ಅಳು. ನನಗ ಗೊತ್ತಿರಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಬರಕೊಂಡದ್ದನ್ನ ಹೊಡದಹಾಕ್ರಿ."

"ಮೂರು ವರ್ಷ?" ಎಂದರು ಸಾಹೇಬರು.

"ಹೌದ್ರಿ."

ಸಾಹೇಬರು ತಮ್ಮ ವಹಿಯಲ್ಲಿ ಏನೋ ಬರೆದುಕೊಂಡರು. ಏನು ಬರೆದರೋ ಅವರಿಗೇ ಗೊತ್ತು. ಆಮೇಲೆ ಕುರ್ಚಿಯನ್ನು ಜಮಖಾನೆಯ ಹತ್ತಿರಕ್ಕೆ ಎಳೆದುಕೊಂಡು, "ಹಚ್ಚಿ ತೋರಸರಿ" ಎಂದರು.

ಕೊಂಡಿ ಹಚ್ಚುವಾಗ ಎದುರು ಕೂತು ಎಳೆ ಕೊಡಲು ಒಬ್ಬರಿದ್ದರೆ ಕೈ ಸಾಗುತ್ತದೆ. ಹಾಲವ್ವ ಯಾರನ್ನೂ ಕರೆಯಲಿಲ್ಲ. ಮುಂದಿನ ಸಾಲಿನ ಹೀರಾ ಎಂಬ ಹುಡುಗಿ ತಾನಾಗಿ ಎದ್ದು ಬಂದು ಕೂತು, ಹಾಸಿನ ಎಳೆಗೆ ಕೈ ಹಾಕಿದಳು. ಗೋಡೆಯ ಕಡೆಯಿಂದ ಭಾಗವ್ವ ಎದ್ದಳು.

"ಆಕಡೆ ಸರಿ ಹೀರಾ, ನಿನಗ ತಿಳಿಯಾಂಗಿಲ್ಲ. ನಮ್ಮವ್ವಗ ಎಡಗಡಿಂದ ಎಳಿ ಕೊಡಬೇಕಾಗತೈತಿ."

ಹಾಲವ್ವ ತಲೆ ಎತ್ತಲಿಲ್ಲ. ಆದರೆ ಇಷ್ಟು ವರ್ಷ ಒಂದು ಎಳೆಯನ್ನೂ ಬಿಡದ ಅವಳ ಕೈಯಿಂದ ಮೂರು ಎಳೆ ಜಾರಿದವು. ಭಾಗವ್ವ ಅವನ್ನು ಒಂದೊಂದಾಗಿ ಹೆಕ್ಕಿ ಅವಳ ಬೆರಳಿಗೆ ಕೊಟ್ಟಳು.